ರಿಪೋರ್ಟು ನಾರ್ಮಲ್, ಹೊಟ್ಟೆನೋವು ನಿಜ

ಎಲ್ಲ ಪರೀಕ್ಷೆಗಳಲ್ಲೂ 'ಏನೂ ಇಲ್ಲ' ಎಂದು ಬಂದ ಮೇಲೂ ಮಕ್ಕಳನ್ನು ತಿಂಗಳುಗಟ್ಟಲೆ ಕಾಡುವ ಹೊಟ್ಟೆನೋವು ನಾಟಕವಲ್ಲ. ಮಾತ್ರೆಗೆ ಬಗ್ಗದ ಈ ನೋವಿಗೆ ಮನಶ್ಶಾಸ್ತ್ರದಲ್ಲಿ ಮದ್ದಿದೆ. ಆ ಮದ್ದಿನ ಒಂದು ಪಾಲನ್ನು ಸೇವಿಸಬೇಕಾದವರು ತಂದೆತಾಯಿಯರು!

ಸೋಮವಾರ ಬೆಳಗಿನ ಏಳೂವರೆ ಗಂಟೆ. ಅಡುಗೆಮನೆಯಲ್ಲಿ ಒಗ್ಗರಣೆಯ ಸದ್ದು. ಸಮವಸ್ತ್ರ ತೊಟ್ಟು, ಎರಡು ಜಡೆ ಹಾಕಿಸಿಕೊಂಡ ಏಳನೆಯ ತರಗತಿಯ ಹುಡುಗಿಯೊಬ್ಬಳು ಮಂಚದ ಅಂಚಿನಲ್ಲಿ ಮುದುರಿ ಕುಳಿತಿದ್ದಾಳೆ. ಒಂದು ಕೈ ಹೊಕ್ಕುಳ ಮೇಲಿದೆ. ಮುಖ ಬಿಳಿಚಿಕೊಂಡಿದೆ. 'ಅಮ್ಮಾ, ಹೊಟ್ಟೆ ನೋಯ್ತಿದೆ...'

ಆಮೇಲೆ ನಡೆಯುವುದು ಎಲ್ಲರಿಗೂ ಗೊತ್ತಿರುವ ಕಥೆಯೇ. ಅಜ್ಜಿ ಓಮದ ಕಷಾಯ ಕಾಯಿಸುತ್ತಾರೆ. ಹೊಕ್ಕುಳಿಗೆ ಹರಳೆಣ್ಣೆ ಹಚ್ಚುತ್ತಾರೆ. ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಾರೆ. ಪಕ್ಕದ ಮನೆಯವರು 'ಬಟ್ಟಿ ಜಾರಿರಬೇಕು' ಎನ್ನುತ್ತಾರೆ. ಅಪ್ಪ ಜಂತುಹುಳುವಿನ ಮಾತ್ರೆ ತರುತ್ತಾರೆ. ಯಾವುದಕ್ಕೂ ಜಗ್ಗದಿದ್ದಾಗ ಡಾಕ್ಟರ ಬಳಿಗೆ. ರಕ್ತ, ಮೂತ್ರ, ಮಲ ಎಲ್ಲದರ ಪರೀಕ್ಷೆ. ಕೊನೆಗೆ ಹೊಟ್ಟೆಯ ಸ್ಕ್ಯಾನಿಂಗ್. ರಿಪೋರ್ಟು ಬರುತ್ತದೆ: 'ನಾರ್ಮಲ್'.

ಇಲ್ಲಿಂದ ಮನೆಯವರು ಎರಡು ದಾರಿಗಳಲ್ಲಿ ಒಂದನ್ನು ಹಿಡಿಯುತ್ತಾರೆ. 'ಎಲ್ಲ ಬರೀ ನಾಟಕ, ಶಾಲೆ ತಪ್ಪಿಸೋದಕ್ಕೆ ನೆಪ' ಎಂಬುದು ಒಂದು. 'ಆ ಡಾಕ್ಟರಿಗೆ ಗೊತ್ತಾಗಲಿಲ್ಲ, ಪಟ್ಟಣದಲ್ಲಿ ಇನ್ನೊಬ್ಬರಿಗೆ ತೋರಿಸೋಣ' ಎಂಬುದು ಇನ್ನೊಂದು. ಮೊದಲ ದಾರಿಯಲ್ಲಿ ಮಗು ಸುಳ್ಳುಗಾರ್ತಿಯಾಗುತ್ತಾಳೆ. ಎರಡನೆಯ ದಾರಿಯಲ್ಲಿ ಕಾಯಂ ರೋಗಿಯಾಗುತ್ತಾಳೆ. ಎರಡರಲ್ಲೂ ನೋವು ಮಾತ್ರ ಇದ್ದಲ್ಲೇ ಇರುತ್ತದೆ.

ಮೂರನೆಯ ದಾರಿಯೊಂದಿದೆ. ಮಕ್ಕಳ ವೈದ್ಯರೂ ಮನಶ್ಶಾಸ್ತ್ರಜ್ಞರೂ ಕೂಡಿ ಕಳೆದ ಕೆಲವು ದಶಕಗಳಲ್ಲಿ ಅದನ್ನು ಹುಡುಕಿದ್ದಾರೆ. ಆ ದಾರಿಯ ಮೊದಲ ಮೈಲಿಗಲ್ಲಿನ ಮೇಲೆ ಬರೆದಿರುವುದು ಇಷ್ಟೇ: ಈ ನೋವು ನಿಜ.

ಬ್ರಿಸ್ಟಲ್‌ನ ಸಾವಿರ ಮಕ್ಕಳು

ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ಜಾನ್ ಆಪ್ಲಿ ಎಂಬ ಮಕ್ಕಳ ವೈದ್ಯರಿದ್ದರು. ಮತ್ತೆ ಮತ್ತೆ ಹೊಟ್ಟೆನೋವೆಂದು ಬರುವ ಮಕ್ಕಳು ಅವರಿಗೆ ಒಗಟಾಗಿದ್ದರು. ಆಸ್ಪತ್ರೆಗೆ ಬಂದವರನ್ನಷ್ಟೇ ನೋಡಿದರೆ ಒಗಟು ಬಿಡಿಸಲಾಗದು, ಶಾಲೆಗಳಿಗೇ ಹೋಗಿ ನೋಡಬೇಕು ಎಂದು ಅವರಿಗೆ ಅನ್ನಿಸಿತು. ನೋರಾ ನೇಶ್ ಎಂಬ ವೈದ್ಯೆಯೊಂದಿಗೆ ಸೇರಿ ಸಾವಿರ ಶಾಲಾ ಮಕ್ಕಳ ಸಮೀಕ್ಷೆ ನಡೆಸಿ, 1958ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೂರು ತಿಂಗಳ ಅವಧಿಯಲ್ಲಿ ಕನಿಷ್ಠ ಮೂರು ಸಲ, ಆಟಪಾಠಗಳಿಗೆ ಅಡ್ಡಿಯಾಗುವಷ್ಟು ಹೊಟ್ಟೆನೋವು ಬಂದಿದ್ದರೆ ಮಾತ್ರ ಲೆಕ್ಕಕ್ಕೆ ಸೇರಿಸಬೇಕು ಎಂಬುದು ಅವರ ಅಳತೆಗೋಲು. ಆ ಲೆಕ್ಕದಲ್ಲೂ ಸಿಕ್ಕವರು ನೂರಕ್ಕೆ ಸುಮಾರು 11 ಮಕ್ಕಳು!

ಅಂದರೆ ನಲವತ್ತು ಮಕ್ಕಳ ಒಂದು ತರಗತಿಯಲ್ಲಿ ನಾಲ್ವರು. ಇಂಥ ಮಕ್ಕಳನ್ನು ಕೂಲಂಕಷವಾಗಿ ಪರೀಕ್ಷಿಸಿದಾಗ, ಹೊಟ್ಟೆಯೊಳಗಿನ ಯಾವುದಾದರೂ ಅಂಗದಲ್ಲಿ ರೋಗವಿದ್ದದ್ದು ನೂರರಲ್ಲಿ ಹತ್ತಕ್ಕೂ ಕಡಿಮೆ ಮಂದಿಗೆ ಎಂಬುದನ್ನೂ ಆಪ್ಲಿ ತೋರಿಸಿದರು. ನೋವು ಹೊಕ್ಕುಳಿನಿಂದ ದೂರ ಹೋದಷ್ಟೂ ಅಂಗದಲ್ಲಿ ರೋಗವಿರುವ ಸಂಭವ ಹೆಚ್ಚು ಎಂಬ ಅವರ ಸರಳ ಸೂತ್ರವನ್ನು ವೈದ್ಯಕೀಯ ವಿದ್ಯಾರ್ಥಿಗಳು ಈಗಲೂ ಕಲಿಯುತ್ತಾರೆ.

ಹಲವು ದೇಶಗಳ ಸಮೀಕ್ಷೆಗಳನ್ನು ಒಟ್ಟುಗೂಡಿಸಿ 2015ರಲ್ಲಿ ಮಾಡಿದ ಲೆಕ್ಕವೂ ಇದರ ಹತ್ತಿರದಲ್ಲೇ ಇದೆ: ನೂರಕ್ಕೆ 13ರಿಂದ 14 ಮಕ್ಕಳು. ಹುಡುಗರಿಗಿಂತ ಹುಡುಗಿಯರಲ್ಲಿ ಇದು ಹೆಚ್ಚು. ವೈದ್ಯರು ಇದನ್ನು 'ಕಾರ್ಯಸಂಬಂಧಿ ಹೊಟ್ಟೆನೋವು' ಎಂಬ ಗುಂಪಿಗೆ ಸೇರಿಸುತ್ತಾರೆ. ಅಂಗದ ರಚನೆಯಲ್ಲಿ ದೋಷವಿಲ್ಲ, ಅದು ಕೆಲಸ ಮಾಡುವ ರೀತಿಯಲ್ಲಿ ಏರುಪೇರಾಗಿದೆ ಎಂದು ಇದರ ಅರ್ಥ. 2016ರ ಅಂತಾರಾಷ್ಟ್ರೀಯ ಮಾರ್ಗಸೂಚಿ ಒಂದು ಹೆಜ್ಜೆ ಮುಂದೆ ಹೋಗಿ, ಇಂಥ ತೊಂದರೆಗಳನ್ನೆಲ್ಲ ಕರುಳು ಮತ್ತು ಮಿದುಳಿನ ನಡುವಣ ಸಂವಾದದ ತೊಂದರೆಗಳೆಂದು ಕರೆಯಿತು.

ಕರುಳು ಮಾತಾಡುತ್ತದೆ

ಕರುಳಿಗೂ ಮನಸ್ಸಿಗೂ ನಂಟಿದೆ ಎಂಬುದು ಕನ್ನಡದ ಮಾತಿಗೆ ಹೊಸದಲ್ಲ. ಪಕ್ಕದವನ ಏಳಿಗೆ ಕಂಡರೆ ಹೊಟ್ಟೆಕಿಚ್ಚು. ಮಗು ಎಡವಿ ಬಿದ್ದರೆ ತಾಯಿಗೆ ಕರುಳು ಚುರುಕ್ ಎನ್ನುತ್ತದೆ. ತಪ್ಪು ಮಾಡಿದವರು 'ಹೊಟ್ಟೆಗೆ ಹಾಕಿಕೊಳ್ಳಿ' ಎಂದು ಬೇಡುತ್ತಾರೆ. ವಿಜ್ಞಾನ ಇದನ್ನು ಕಣ್ಣಾರೆ ಕಂಡದ್ದು 19ನೆಯ ಶತಮಾನದಲ್ಲಿ.

1822ರಲ್ಲಿ ಅಮೆರಿಕದ ಮ್ಯಾಕಿನಾ ದ್ವೀಪದಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಯುವಕನಿಗೆ ಅಕಸ್ಮಾತ್ತಾಗಿ ಗುಂಡು ತಗುಲಿತು. ಜೀವ ಉಳಿಯಿತು. ಆದರೆ ಜಠರಕ್ಕೆ ನೇರವಾಗಿ ತೆರೆಯುವ ರಂಧ್ರವೊಂದು ಮುಚ್ಚದೆ ಉಳಿದುಬಿಟ್ಟಿತು. ಚಿಕಿತ್ಸೆ ನೀಡಿದ ಸೇನಾ ವೈದ್ಯ ವಿಲಿಯಂ ಬ್ಯೂಮಾಂಟ್ ಆ ಕಿಂಡಿಯ ಮೂಲಕವೇ ಜೀರ್ಣಕ್ರಿಯೆಯನ್ನು ವರ್ಷಗಟ್ಟಲೆ ಗಮನಿಸಿ 1833ರಲ್ಲಿ ಪುಸ್ತಕ ಬರೆದರು. ಯುವಕನಿಗೆ ಸಿಟ್ಟು ಬಂದಾಗ ಜಠರದ ವರ್ತನೆಯೂ ಬದಲಾಗುತ್ತಿತ್ತು ಎಂಬುದು ಅವರು ಕಂಡ ಸಂಗತಿಗಳಲ್ಲೊಂದು. ಶತಮಾನದ ಕೊನೆಗೆ, ಆಗಷ್ಟೇ ಬಂದಿದ್ದ ಎಕ್ಸ್‌ರೇಯ ನೆರವಿನಿಂದ ವಾಲ್ಟರ್ ಕ್ಯಾನನ್ ಬೆಕ್ಕಿನ ಜಠರದ ಚಲನೆಯನ್ನು ನೋಡುತ್ತಿದ್ದರು. ಬೆಕ್ಕು ಕೆರಳಿದೊಡನೆ ಚಲನೆ ನಿಂತುಹೋಗುತ್ತಿತ್ತು. ಶಾಂತವಾದ ಮೇಲೆ ಮತ್ತೆ ಶುರು!

ಅನ್ನನಾಳದಿಂದ ಗುದದ್ವಾರದವರೆಗೆ ಜೀರ್ಣನಾಳದ ಗೋಡೆಯಲ್ಲಿ ಹತ್ತು ಕೋಟಿಗೂ ಹೆಚ್ಚು ನರಕೋಶಗಳ ಜಾಲವೊಂದಿದೆ ಎಂದು ಇಂದು ನಮಗೆ ತಿಳಿದಿದೆ. ಇದಕ್ಕೆ 'ಎರಡನೆಯ ಮಿದುಳು' ಎಂಬ ಹೆಸರೂ ಉಂಟು. ಇದನ್ನು ತಲೆಯ ಮಿದುಳಿಗೆ ಜೋಡಿಸುವ ಮುಖ್ಯ ತಂತಿ ವೇಗಸ್ ನರ. ಸ್ವಾರಸ್ಯವೆಂದರೆ ಈ ನರದ ಎಳೆಗಳಲ್ಲಿ ನೂರಕ್ಕೆ ಸುಮಾರು 80ರಷ್ಟು ಹೊಟ್ಟೆಯಿಂದ ಮೇಲಕ್ಕೆ ಸುದ್ದಿ ಒಯ್ಯುವಂಥವು. ಮಿದುಳು ಹೊಟ್ಟೆಗೆ ಆಜ್ಞೆ ಕೊಡುವುದಕ್ಕಿಂತ ಹೊಟ್ಟೆ ಮಿದುಳಿಗೆ ವರದಿ ಒಪ್ಪಿಸುವುದೇ ಹೆಚ್ಚು.

ಊಟ ಮುಂದೆ ಸರಿಯುವುದು, ವಾಯು ಹಿಗ್ಗುವುದು, ಕರುಳು ಹಿಂಡುವುದು, ಈ ಸುದ್ದಿಗಳನ್ನೆಲ್ಲ ಮಿದುಳು ಸಾಮಾನ್ಯವಾಗಿ ಗಮನಿಸದೆ ಬಿಡುತ್ತದೆ. ಕೆಲವು ಮಕ್ಕಳಲ್ಲಿ ಹಾಗಾಗುವುದಿಲ್ಲ. ಪುಟ್ಟ ಬಲೂನನ್ನು ಕರುಳಿನೊಳಗೆ ಇಟ್ಟು ಮೆಲ್ಲನೆ ಉಬ್ಬಿಸಿ ನೋಡಿದ ಪ್ರಯೋಗಗಳಲ್ಲಿ, ಬೇರೆ ಮಕ್ಕಳಿಗೆ ಏನೂ ಅನ್ನಿಸದಷ್ಟು ಒತ್ತಡಕ್ಕೇ ಇವರಲ್ಲಿ ಅನೇಕರಿಗೆ ನೋವಾಯಿತು.

ದನಿಯ ತಿರುಪನ್ನು ಪೂರ್ತಿ ಏರಿಸಿದ ರೇಡಿಯೋವನ್ನು ನೆನೆಸಿಕೊಳ್ಳಿ. ಅದರಲ್ಲಿ ಪಿಸುಮಾತೂ ಕಿರುಚಾಟವಾಗುತ್ತದೆ. ರೇಡಿಯೋ ಕೆಟ್ಟಿಲ್ಲ, ನಿಲಯದವರ ತಪ್ಪೂ ಇಲ್ಲ. ತಿರುಪು ಮೇಲಕ್ಕೇರಿದೆ, ಅಷ್ಟೆ. ಸ್ಕ್ಯಾನಿಂಗ್ ಯಂತ್ರಕ್ಕೆ ರೇಡಿಯೋದ ಪೆಟ್ಟಿಗೆ ಕಾಣುತ್ತದೆಯೇ ಹೊರತು ತಿರುಪು ಎಲ್ಲಿದೆ ಎಂಬುದು ಕಾಣುವುದಿಲ್ಲ. ಆದ್ದರಿಂದಲೇ ರಿಪೋರ್ಟು ನಾರ್ಮಲ್.

ತಿರುಪನ್ನು ಏರಿಸುವುದು ಯಾವುದು? ಒಮ್ಮೊಮ್ಮೆ ಹಿಂದೆಂದೋ ಬಂದುಹೋದ ವಾಂತಿಭೇದಿ. ಒಮ್ಮೊಮ್ಮೆ ಪರೀಕ್ಷೆಯ ಭಯ, ನಿದ್ದೆಗೆಟ್ಟ ರಾತ್ರಿಗಳು. ಇನ್ನೊಮ್ಮೆ 'ಮತ್ತೆ ನೋವು ಬಂದೀತೇ' ಎಂದು ಸದಾ ಹೊಟ್ಟೆಯ ಕಡೆಗೇ ಕಿವಿಗೊಡುವ ಅಭ್ಯಾಸ. ನೋವಿನಿಂದ ಭಯ, ಭಯದಿಂದ ಬಿಗಿತ, ಬಿಗಿತದಿಂದ ಇನ್ನಷ್ಟು ನೋವು. ಗಾಣದೆತ್ತಿನಂತೆ ಇದು ಸುತ್ತುತ್ತಲೇ ಇರುತ್ತದೆ. 1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಎಂಬ ವಿಜ್ಞಾನಿಗಳು ಬೆನ್ನುಹುರಿಯಲ್ಲಿ ನೋವಿನ ಸುದ್ದಿಗೆ ಒಂದು 'ಗೇಟು' ಇರುವಂತಿದೆ, ಮಿದುಳು ಅದನ್ನು ತೆರೆಯಲೂಬಲ್ಲದು, ಕಿರಿದಾಗಿಸಲೂಬಲ್ಲದು ಎಂದು ವಾದಿಸಿದರು. ವಿವರಗಳು ಆಮೇಲೆ ತಿದ್ದುಪಡಿಯಾದರೂ ಮೂಲ ವಿಚಾರ ಉಳಿಯಿತು. ಗೇಟಿನ ಕೀಲಿಕೈಯ ಒಂದು ಜೊತೆ ಮನಸ್ಸಿನ ಬಳಿ ಇದೆ ಎಂದಾದರೆ, ಚಿಕಿತ್ಸೆಯೂ ಆ ಬಾಗಿಲಿನಿಂದ ಪ್ರವೇಶಿಸಬಹುದಲ್ಲವೇ?

ನೀರು ಕುಡಿಸಿ ನೋಡಿದ ಪ್ರಯೋಗ

ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಲಿನ್ ವಾಕರ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಪ್ರತಿಯೊಬ್ಬ ತಾಯಿಯೂ ತಿಳಿಯಬೇಕಾದದ್ದು. ಹಳೆಯ ಹೊಟ್ಟೆನೋವಿನ ಮಕ್ಕಳು ಮತ್ತು ಆರೋಗ್ಯವಂತ ಮಕ್ಕಳು ಸೇರಿ ಇನ್ನೂರಕ್ಕೂ ಹೆಚ್ಚು ಮಂದಿ ಇದರಲ್ಲಿದ್ದರು. ಹೊಟ್ಟೆ ಬಿರಿಯುವಷ್ಟು ನೀರು ಕುಡಿಯಬೇಕು ಎಂಬುದಷ್ಟೇ ಅವರ ಕೆಲಸ. ನೀರಿನಿಂದ ಅಪಾಯವಿಲ್ಲ, ಹೊಟ್ಟೆ ಉಬ್ಬರಿಸಿ ಕಸಿವಿಸಿಯಾಗುತ್ತದೆ. ಆ ಹೊತ್ತಿಗೆ ತಂದೆ ಅಥವಾ ತಾಯಿಯನ್ನು ಮಗುವಿನ ಬಳಿ ಕೂರಿಸಲಾಯಿತು.

ಒಂದು ಗುಂಪಿನ ಹೆತ್ತವರಿಗೆ, ಮಗು ನೋವೆಂದಾಗ ಕನಿಕರ ತೋರಿಸಿ, ವಿಚಾರಿಸಿ, ಸಮಾಧಾನಪಡಿಸಿ ಎಂದು ಹೇಳಿಕೊಡಲಾಗಿತ್ತು. ಎರಡನೆಯ ಗುಂಪಿಗೆ, ಮಾತು ಬೇರೆ ಕಡೆ ತಿರುಗಿಸಿ ಎಂದು. ಮೂರನೆಯ ಗುಂಪಿಗೆ ಏನೂ ಹೇಳಿರಲಿಲ್ಲ. ಫಲಿತಾಂಶ ಅಚ್ಚರಿಯದು. ಏನೂ ಹೇಳಿಕೊಡದ ಗುಂಪಿಗೆ ಹೋಲಿಸಿದರೆ ಕನಿಕರದ ಗುಂಪಿನಲ್ಲಿ ಮಕ್ಕಳ ನೋವಿನ ದೂರುಗಳು ಹೆಚ್ಚುಕಡಿಮೆ ದುಪ್ಪಟ್ಟಾದವು. ಗಮನ ಬೇರೆಡೆ ಸೆಳೆದ ಗುಂಪಿನಲ್ಲಿ ಅರ್ಧಕ್ಕಿಳಿದವು!

ಮುಂದಿನದು ಇನ್ನೂ ಮನಮುಟ್ಟುವ ಸಂಗತಿ. ಯಾವುದರಿಂದ ಹಿತವೆನಿಸಿತು ಎಂದು ಕೇಳಿದಾಗ, ಮಾತು ತಿರುಗಿಸಿದ ಅಪ್ಪ ಅಮ್ಮನಿಂದ ತಮಗೆ ಒಳ್ಳೆಯದೇ ಆಯಿತು ಎಂದು ಮಕ್ಕಳು ಹೇಳಿದರು. ಆದರೆ ಹಾಗೆ ಮಾಡಿದರೆ ಮಗುವಿಗೆ ಕೆಡುಕಾದೀತು ಎಂಬ ಅಳುಕು ಇದ್ದದ್ದು ಹೆತ್ತವರಿಗೆ. ಕನಿಕರಿಸದಿದ್ದರೆ ತಾನು ಕಠಿಣ ಹೃದಯದವಳಾದೇನು ಎಂಬುದು ತಾಯಿಯ ಸಂಕಟ. ಆ ಸಂಕಟವೇ ಆಕೆಯನ್ನು ದಿನಕ್ಕೆ ಹತ್ತು ಸಲ 'ಈಗ ಹೇಗಿದೆ ಪುಟ್ಟಿ?' ಎಂದು ಕೇಳಿಸುತ್ತದೆ. ಪ್ರತಿ ಪ್ರಶ್ನೆಯೂ ಮಗುವಿನ ಗಮನವನ್ನು ಹೊಕ್ಕುಳ ಕಡೆಗೇ ಎಳೆಯುತ್ತದೆ.

ಹಾಗೆಂದು ತಾಯಿಯ ಅಕ್ಕರೆಯಿಂದ ನೋವು ಹುಟ್ಟಿತು ಎಂದು ತಿಳಿಯಬಾರದು. ನೋವು ಹುಟ್ಟಲು ಬೇರೆ ಕಾರಣಗಳಿವೆ. ಅಕ್ಕರೆಯನ್ನು ಎಲ್ಲಿ, ಹೇಗೆ ತೋರಿಸಬೇಕು ಎಂಬುದು ಅದನ್ನು ಇಳಿಸಬಲ್ಲದು ಅಥವಾ ಏರಿಸಬಲ್ಲದು ಎಂಬುದಷ್ಟೇ ಇಲ್ಲಿನ ಪಾಠ.

ಚಿಕಿತ್ಸೆಯಲ್ಲಿ ಏನು ನಡೆಯುತ್ತದೆ?

'ಮಾನಸಿಕ ಚಿಕಿತ್ಸೆ' ಎಂದೊಡನೆ ಹೆದರುವವರೇ ಹೆಚ್ಚು. ವಾಸ್ತವದಲ್ಲಿ ಇದು ಟ್ಯೂಷನ್ನಿನಂತೆ. ವಾರಕ್ಕೊಮ್ಮೆ ಒಂದು ಗಂಟೆ, ಕೆಲವು ವಾರ. ಮನೆಗೆಲಸವೂ ಉಂಟು! ಹೆಚ್ಚು ಬಳಕೆಯಲ್ಲಿರುವ ವಿಧಾನದ ಹೆಸರು ಅರಿವು-ವರ್ತನೆ ಚಿಕಿತ್ಸೆ. ವೈದ್ಯರ ಬಾಯಲ್ಲಿ ಇದು ಸಿಬಿಟಿ.

ಮೊದಲ ಮೆಟ್ಟಿಲು ತಿಳಿವಳಿಕೆ. ಕರುಳು, ಮಿದುಳು, ತಿರುಪಿನ ಕಥೆಯನ್ನು ಮಗುವಿಗೂ ಹೆತ್ತವರಿಗೂ ಒಟ್ಟಿಗೇ ಹೇಳಲಾಗುತ್ತದೆ. 'ನೀನು ಸುಳ್ಳು ಹೇಳುತ್ತಿಲ್ಲ, ನಿನ್ನ ಹೊಟ್ಟೆಯೊಳಗೆ ಅಪಾಯವಾದದ್ದೂ ಏನೂ ಇಲ್ಲ' ಎಂಬ ಎರಡು ಮಾತನ್ನು ಒಂದೇ ಉಸಿರಿನಲ್ಲಿ ಕೇಳಿದಾಗಲೇ ಅನೇಕ ಮಕ್ಕಳ ಅರ್ಧ ಭಾರ ಇಳಿಯುತ್ತದೆ.

ಎರಡನೆಯದು ನೋವಿನ ದಿನಚರಿ. ನೋವು ಎಷ್ಟು ಗಂಟೆಗೆ ಬಂತು, ಹತ್ತಕ್ಕೆ ಎಷ್ಟು ಅಂಕ, ಆಗ ಏನು ನಡೆಯುತ್ತಿತ್ತು, ಎಷ್ಟು ಹೊತ್ತಿನಲ್ಲಿ ಹೋಯಿತು ಎಂದು ಮಗುವೇ ಬರೆಯಬೇಕು. ಎರಡು ವಾರ ಕಳೆದ ಮೇಲೆ ನಮ್ಮ ಏಳನೆಯ ತರಗತಿಯ ಹುಡುಗಿಗೆ ತನ್ನ ಪುಸ್ತಕದಲ್ಲಿ ಏನಾದರೂ ಕಾಣಬಹುದು. ಭಾನುವಾರ ಸಂಜೆ ಆರು ಅಂಕ, ಸೋಮವಾರ ಬೆಳಿಗ್ಗೆ ಎಂಟು, ಶನಿವಾರ ಮಧ್ಯಾಹ್ನ ಸೊನ್ನೆ. ಬೈದು ಹೇಳಿದ್ದರೆ ಅವಳು ಒಪ್ಪುತ್ತಿರಲಿಲ್ಲ. ಈಗ ಅವಳೇ ಕಂಡುಕೊಂಡಿದ್ದಾಳೆ.

ಮೂರನೆಯದು ದೇಹವನ್ನು ಸಡಿಲಿಸುವ ಕಲೆ. ಅಂಗಾತ ಮಲಗಿ ಹೊಟ್ಟೆಯ ಮೇಲೊಂದು ನೋಟ್‌ಬುಕ್ ಇಟ್ಟುಕೊಂಡು, ಉಸಿರೆಳೆದಾಗ ಅದು ಏರುವಂತೆ, ಬಿಟ್ಟಾಗ ಇಳಿಯುವಂತೆ ನಿಧಾನವಾಗಿ ಉಸಿರಾಡುವುದು. ಮುಷ್ಟಿ, ಭುಜ, ಹೊಟ್ಟೆಯ ಸ್ನಾಯುಗಳನ್ನು ಒಂದೊಂದಾಗಿ ಬಿಗಿಮಾಡಿ ಬಿಡುವುದು. ನೋವಿಲ್ಲದ ಹೊತ್ತಿನಲ್ಲೇ ಕಲಿಯಬೇಕು. ಬಾವಿಗೆ ಬಿದ್ದ ಮೇಲೆ ಈಜು ಕಲಿಯಲಾಗುವುದಿಲ್ಲ.

ನಾಲ್ಕನೆಯದು ಯೋಚನೆಗಳ ತಪಾಸಣೆ. 'ಇವತ್ತು ನೋವು ಬಂದೇ ಬರುತ್ತೆ, ಕ್ಲಾಸಿನಲ್ಲಿ ವಾಂತಿಯಾದರೆ ಎಲ್ಲರೂ ನಗುತ್ತಾರೆ' ಎಂಬುದು ಮಗುವಿನ ಊಹೆ. ಸಾಕ್ಷ್ಯ ಏನು? ಕಳೆದ ತಿಂಗಳು ಎಷ್ಟು ಸಲ ನೋವು ಬಂತು? ಎಷ್ಟು ಸಲ ವಾಂತಿಯಾಯಿತು? ಪ್ರಯೋಗಶಾಲೆಯಲ್ಲಿ ವಿಜ್ಞಾನದ ವಿದ್ಯಾರ್ಥಿ ಮಾಡುವುದೂ ಇದನ್ನೇ. ಊಹೆಯನ್ನು ಅಂಕಿಅಂಶದ ಎದುರು ನಿಲ್ಲಿಸುವುದು. 'ಹೋದ ಸಲವೂ ನೋವು ಬಂದಿತ್ತು, ಅರ್ಧ ಗಂಟೆಯಲ್ಲಿ ಇಳಿದಿತ್ತು' ಎಂಬ ಮಾತು ಸುಳ್ಳು ಧೈರ್ಯಕ್ಕಿಂತ ಹೆಚ್ಚು ದೂರ ಕೈಹಿಡಿದು ನಡೆಸುತ್ತದೆ.

ಐದನೆಯದು ಶಾಲೆಗೆ ಮರಳುವುದು. ಬಹಳ ದಿನ ಬಿಟ್ಟಿದ್ದರೆ ಮೊದಲು ಎರಡು ಪೀರಿಯಡ್, ಆಮೇಲೆ ಅರ್ಧ ದಿನ, ಆಮೇಲೆ ಪೂರ್ತಿ ದಿನ. ನೋವು ಹೋದ ಮೇಲೆ ಶಾಲೆ ಎಂದು ಕಾಯುತ್ತ ಕುಳಿತರೆ ನೋವು ಹೋಗುವುದಿಲ್ಲ. ಶಾಲೆಗೆ ಹೋಗಲು ಶುರುಮಾಡಿದ ಮೇಲೆ ನೋವು ಹಿಂದೆ ಸರಿಯುವುದೇ ಹೆಚ್ಚು.

ಇಷ್ಟೂ ಮಗುವಿನ ಪಾಲು. ಹೆತ್ತವರ ಪಾಲಿನ ಪಾಠ ಬೇರೆ. ಹೊಟ್ಟೆಯ ಕುಶಲ ವಿಚಾರಿಸುವುದನ್ನು ಬಿಡಬೇಕು. ಮಗು ತಾನಾಗಿ ಹೇಳಿದರೆ 'ಹೌದಾ, ಉಸಿರಾಟದ ಅಭ್ಯಾಸ ಮಾಡು, ಆಮೇಲೆ ತಿಂಡಿಗೆ ಬಾ' ಎಂದು ಶಾಂತವಾಗಿ ಹೇಳಬೇಕು. ಮನೆಯಲ್ಲೇ ಉಳಿಯಲೇಬೇಕಾದ ದಿನ ಟಿ.ವಿ., ಮೊಬೈಲು, ವಿಶೇಷ ತಿಂಡಿಗಳ ಹಬ್ಬವಾಗಬಾರದು. ಹಾಸಿಗೆ, ಗಂಜಿ, ಪಾಠದ ಪುಸ್ತಕ ಸಾಕು. ನೋವಿದ್ದೂ ಶಾಲೆಗೆ ಹೋಗಿಬಂದ ಸಂಜೆಗೆ ಮೀಸಲಿಡಬೇಕು ಮೆಚ್ಚುಗೆಯನ್ನೂ ಮುದ್ದನ್ನೂ.

ಲೆಕ್ಕ ಏನು ಹೇಳುತ್ತದೆ?

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಮ್ಯಾಥ್ಯೂ ಸ್ಯಾಂಡರ್ಸ್ ಮತ್ತು ಸಂಗಡಿಗರು 7ರಿಂದ 14 ವರ್ಷದ 44 ಮಕ್ಕಳನ್ನು ಎರಡು ಗುಂಪು ಮಾಡಿದರು. ಒಂದಕ್ಕೆ ಮಾಮೂಲು ವೈದ್ಯೋಪಚಾರ, ಇನ್ನೊಂದಕ್ಕೆ ತಂದೆತಾಯಿಯರನ್ನೂ ಸೇರಿಸಿಕೊಂಡ ಅರಿವು-ವರ್ತನೆ ಚಿಕಿತ್ಸೆ. 1994ರ ಅವರ ವರದಿಯ ಪ್ರಕಾರ ಎರಡೂ ಗುಂಪುಗಳು ಸುಧಾರಿಸಿದವು. ಆದರೆ ನೋವಿನಿಂದ ಪೂರ್ತಿ ಬಿಡುಗಡೆ ಹೊಂದಿದವರು ಚಿಕಿತ್ಸೆಯ ಗುಂಪಿನಲ್ಲಿ ಹೆಚ್ಚು, ನೋವು ಮರುಕಳಿಸಿದವರು ಕಡಿಮೆ. ಅಮೆರಿಕದಲ್ಲಿ ರೋನಾ ಲೆವಿ ಮತ್ತು ತಂಡ 2010ರಲ್ಲಿ 200 ಮಕ್ಕಳ ಮೇಲೆ ಕೇವಲ ಮೂರು ಭೇಟಿಗಳ ಚಿಕಿತ್ಸೆಯನ್ನು ಪರೀಕ್ಷಿಸಿ ಒಳ್ಳೆಯ ಫಲ ಕಂಡಿತು. 2017ರಲ್ಲಿ ಅದೇ ತಂಡ ಇನ್ನೂ ಧೈರ್ಯ ಮಾಡಿ, ಮಕ್ಕಳನ್ನು ಬಿಟ್ಟು 316 ಹೆತ್ತವರಿಗಷ್ಟೇ ಪಾಠ ಹೇಳಿ ನೋಡಿತು. ಕೆಲವರಿಗೆ ಎದುರಿನಲ್ಲಿ, ಕೆಲವರಿಗೆ ಫೋನಿನಲ್ಲಿ. ಎರಡೂ ರೀತಿಯಲ್ಲಿ ಪಾಠ ಕೇಳಿದವರ ಅತಿಕಾಳಜಿಯೂ 'ಏನೋ ಆಗಿಬಿಡುತ್ತದೆ' ಎಂಬ ಕಳವಳವೂ ತಗ್ಗಿದವು.

ಸ್ವೀಡನ್ನಿನಲ್ಲಿ 13ರಿಂದ 17 ವರ್ಷದ 101 ಹದಿಹರೆಯದವರಿಗೆ ಹತ್ತು ವಾರಗಳ ಚಿಕಿತ್ಸೆಯನ್ನು ಇಂಟರ್‌ನೆಟ್ ಮೂಲಕವೇ ಕೊಡಲಾಯಿತು. ಅಲ್ಲಿನ ವಿಧಾನ ಕುತೂಹಲಕರ. ಹೊಟ್ಟೆನೋವಿನ ಹೆದರಿಕೆಯಿಂದ ಬಿಟ್ಟಿದ್ದ ತಿಂಡಿ, ಬಸ್ ಪ್ರಯಾಣ, ಆಟ, ಗೆಳತಿಯ ಮನೆ, ಒಂದೊಂದನ್ನೂ ಬೇಕೆಂದೇ ಮತ್ತೆ ಎದುರಿಸುವುದು. ಕತ್ತಲೆಗೆ ಹೆದರುವ ಮಗುವನ್ನು ಕೈಹಿಡಿದು ಕತ್ತಲ ಕೋಣೆಗೆ ಕರೆದೊಯ್ಯುವಂತೆ. 2017ರ ವರದಿಯಲ್ಲಿ ಇದೂ ಫಲಕಾರಿ ಎಂದು ಕಂಡುಬಂತು.

ಸಂಮೋಹನ: ಜಾದೂ ಅಲ್ಲ

ಇನ್ನೊಂದು ವಿಧಾನದ ಹೆಸರು ಕೇಳಿದರೆ ಅನೇಕರು ನಕ್ಕಾರು: ಹಿಪ್ನಾಟಿಸಂ, ಅಂದರೆ ಸಂಮೋಹನ. ವೇದಿಕೆಯ ಮೇಲೆ ಜಾದೂಗಾರ ಮಾಡುವ ಆಟಕ್ಕೂ ಇದಕ್ಕೂ ಸಂಬಂಧವಿಲ್ಲ. ಮಗು ಎಚ್ಚರ ತಪ್ಪುವುದಿಲ್ಲ, ಬೇರೆಯವರ ವಶವಾಗುವುದಿಲ್ಲ. ಕಥೆಯಲ್ಲಿ ಮುಳುಗಿದ ಮಗುವಿಗೆ ಅಮ್ಮ ಕೂಗಿದ್ದು ಕೇಳಿಸುವುದಿಲ್ಲವಲ್ಲ, ಅಂಥದೇ ತನ್ಮಯತೆ. ಆ ಸ್ಥಿತಿಯಲ್ಲಿ ಚಿಕಿತ್ಸಕರು, ಬೆಚ್ಚಗಿನ ಕೈಯೊಂದು ಹೊಟ್ಟೆಯನ್ನು ನೇವರಿಸುತ್ತಿದೆ, ಕರುಳು ತಿಳಿಯಾದ ಹೊಳೆಯಂತೆ ಹರಿಯುತ್ತಿದೆ ಎಂಬಂಥ ಚಿತ್ರಗಳನ್ನು ಕಲ್ಪಿಸಿಕೊಳ್ಳಲು ಹೇಳುತ್ತಾರೆ. ಕಲ್ಪನಾಶಕ್ತಿಯಲ್ಲಿ ಮಕ್ಕಳು ದೊಡ್ಡವರಿಗಿಂತ ಮುಂದು.

ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಪೀಟರ್ ವೊರ್ವೆಲ್ 1984ರಲ್ಲಿ ದೊಡ್ಡವರ ಮೇಲೆ ತೋರಿಸಿದ ಈ ವಿಧಾನವನ್ನು ನೆದರ್ಲೆಂಡ್ಸಿನ ಆರೈನ್ ವ್ಲೀಗರ್ ಮತ್ತು ತಂಡ 8ರಿಂದ 18 ವರ್ಷದವರ ಮೇಲೆ ಪರೀಕ್ಷಿಸಿತು. ಮೂರು ತಿಂಗಳಲ್ಲಿ ಆರು ಭೇಟಿ. 2007ರ ವರದಿಯಂತೆ, ಒಂದು ವರ್ಷದ ಬಳಿಕ ಸಂಮೋಹನದ ಗುಂಪಿನಲ್ಲಿ ನೂರಕ್ಕೆ 85 ಮಂದಿ ನೋವಿನಿಂದ ಬಹುಮಟ್ಟಿಗೆ ಮುಕ್ತರಾಗಿದ್ದರು. ಮಾಮೂಲು ವೈದ್ಯೋಪಚಾರದ ಗುಂಪಿನಲ್ಲಿ 25 ಮಂದಿ ಮಾತ್ರ. ಸುಮಾರು ಐದು ವರ್ಷಗಳ ಬಳಿಕ ನೋಡಿದಾಗಲೂ ಪ್ರಮಾಣ 68 ಮತ್ತು 20ರಷ್ಟಿತ್ತು. ಎಲ್ಲ ಊರಿನಲ್ಲೂ ಚಿಕಿತ್ಸಕರು ಸಿಗುವುದಿಲ್ಲವಲ್ಲ ಎಂದು ಅದೇ ದೇಶದ ಸಂಶೋಧಕರು ಧ್ವನಿಮುದ್ರಿಸಿದ ಸಿ.ಡಿ.ಗಳನ್ನು ಮನೆಗೇ ಕೊಟ್ಟು 260 ಮಕ್ಕಳ ಮೇಲೆ ಹೋಲಿಸಿದರು. 2017ರ ಆ ವರದಿಯಲ್ಲಿ ವರ್ಷದ ಬಳಿಕ ಎದುರಾಎದುರು ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ 71, ಸಿ.ಡಿ. ಕೇಳಿದವರಲ್ಲಿ 62 ಮಂದಿಗೆ ಗುಣವಾಗಿತ್ತು.

ಮಾತ್ರೆಗಳ ಸ್ಥಿತಿ ಏನು? ಅಮೆರಿಕದಲ್ಲಿ 90 ಮಕ್ಕಳಿಗೆ ಅರ್ಧದಷ್ಟು ಮಂದಿಗೆ ಅಮಿಟ್ರಿಪ್ಟಿಲಿನ್ ಎಂಬ ಔಷಧ, ಉಳಿದವರಿಗೆ ಔಷಧವಿಲ್ಲದ ಹುಸಿಮಾತ್ರೆ ಕೊಟ್ಟು ನೋಡಿದರು. 2009ರ ಆ ವರದಿಯಲ್ಲಿ ಎರಡೂ ಗುಂಪುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ವಾಸಿ ಎಂದರು. ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ನಂಬಿಕೆಗೆ, ಭರವಸೆಯ ಮಾತಿಗೆ ಹೊಟ್ಟೆ ಎಷ್ಟು ಓಗೊಡುತ್ತದೆ ಎಂಬುದಕ್ಕೆ ಇದೇ ಸಾಕ್ಷಿ.

ಆದರೂ ಮನಶ್ಶಾಸ್ತ್ರದ ಚಿಕಿತ್ಸೆ ಎಲ್ಲರಿಗೂ ರಾಮಬಾಣವಲ್ಲ. ಒಟ್ಟು 2657 ಮಕ್ಕಳ ಮೇಲೆ ನಡೆದ 33 ಪ್ರಯೋಗಗಳನ್ನು 2022ರಲ್ಲಿ ಒಟ್ಟಿಗೆ ತೂಗಿ ನೋಡಿದಾಗ, ಅರಿವು-ವರ್ತನೆ ಚಿಕಿತ್ಸೆಯೂ ಸಂಮೋಹನವೂ ಉಪಯುಕ್ತವೆಂದು ಕಂಡವು. ಜೊತೆಗೆ, ಪುರಾವೆಯ ಬಲ ಇನ್ನೂ ಸಾಧಾರಣ ಮಟ್ಟದ್ದು ಎಂಬ ಎಚ್ಚರಿಕೆಯೂ ಇತ್ತು. ಚಿಕಿತ್ಸೆಯಿಲ್ಲದೆ ಸುಧಾರಿಸುವವರನ್ನು ಕಳೆದ ಮೇಲೂ, ಐವರಿಗೆ ಕೊಟ್ಟರೆ ಹೆಚ್ಚುವರಿಯಾಗಿ ಒಬ್ಬರಿಗೆ ಗುಣ ಎಂಬುದು ಅಲ್ಲಿನ ಲೆಕ್ಕ. ಔಷಧಶಾಸ್ತ್ರದ ಮಾನದಂಡದಲ್ಲಿ ಇದು ಕಡಿಮೆ ಸಾಧನೆಯೇನಲ್ಲ. ಕೈಕಟ್ಟಿ ಕೂರುವುದಕ್ಕೂ ಬೆಲೆ ತೆರಬೇಕಾಗುತ್ತದೆ. ವಾಕರ್ ಅವರ ತಂಡ ಇಂಥ ಮಕ್ಕಳು ಯೌವನಕ್ಕೆ ಬಂದ ಮೇಲೆ ಮತ್ತೆ ಪರೀಕ್ಷಿಸಿದಾಗ, ಬದುಕಿನ ಯಾವುದೋ ಹಂತದಲ್ಲಿ ಆತಂಕದ ಕಾಯಿಲೆಗೆ ತುತ್ತಾದವರು ನೂರಕ್ಕೆ 51. ಹೊಟ್ಟೆನೋವಿಲ್ಲದೆ ಬೆಳೆದವರಲ್ಲಿ ಇದು 20 ಮಾತ್ರ ಎಂದು 2013ರ ವರದಿ ಹೇಳುತ್ತದೆ.

ಮೊದಲು ವೈದ್ಯರು, ಆಮೇಲೆ ಉಳಿದದ್ದು

ಎಲ್ಲ ಹೊಟ್ಟೆನೋವನ್ನೂ ಮನಸ್ಸಿನ ಖಾತೆಗೆ ಬರೆಯುವುದು ಅಪಾಯಕಾರಿ. ಹಠಾತ್ತನೆ ಬಂದು ಗಂಟೆಗಂಟೆಗೂ ಏರುವ ನೋವು ಅಪೆಂಡಿಕ್ಸಿನದಾಗಿರಬಹುದು. ಅದಕ್ಕೆ ತಕ್ಷಣ ಆಸ್ಪತ್ರೆ. ಬಹುದಿನದ ನೋವಿನಲ್ಲಿ ಈ ಲಕ್ಷಣಗಳಿದ್ದರೆ ತಡಮಾಡದೆ ಮಕ್ಕಳ ತಜ್ಞರಿಗೆ ತೋರಿಸಬೇಕು:

* ತೂಕ ಇಳಿಯುವುದು, ಎತ್ತರ ಬೆಳೆಯದಿರುವುದು
* ಮಲದಲ್ಲಿ ರಕ್ತ, ರಾತ್ರಿಯೂ ಎಬ್ಬಿಸುವ ಭೇದಿ
* ಪದೇ ಪದೇ ವಾಂತಿ, ಅದರಲ್ಲೂ ಹಸಿರು ಬಣ್ಣದ ವಾಂತಿ
* ಕಾರಣ ತಿಳಿಯದ ಜ್ವರ, ಕೀಲುಗಳ ಊತ
* ನಿದ್ದೆಯಿಂದ ಎಬ್ಬಿಸುವ ನೋವು. ಹೊಕ್ಕುಳಿನಿಂದ ದೂರ, ಒಂದೇ ಬದಿಯಲ್ಲಿ ನಿಲ್ಲುವ ನೋವು
* ನುಂಗಲು ಕಷ್ಟ, ಮೂತ್ರ ಮಾಡುವಾಗ ಉರಿ

ಇವು ಯಾವುವೂ ಇಲ್ಲದೆ, ಬೆಳವಣಿಗೆ ಸರಿಯಿದ್ದು, ಒಮ್ಮೆ ಚೆನ್ನಾಗಿ ಪರೀಕ್ಷಿಸಿದ ವೈದ್ಯರು ಭರವಸೆ ಕೊಟ್ಟರೆ, ಸ್ಕ್ಯಾನಿಂಗ್ ಮೇಲೆ ಸ್ಕ್ಯಾನಿಂಗ್ ಮಾಡಿಸುವುದನ್ನು ನಿಲ್ಲಿಸಬೇಕು. ಪ್ರತಿ ಹೊಸ ಪರೀಕ್ಷೆಯೂ ಮಗುವಿಗೆ 'ಒಳಗೆ ಏನೋ ಇದೆ' ಎಂದೇ ಹೇಳುತ್ತದೆ.

ಶಾಲೆಯವರು ನೋಡಿಕೊಳ್ಳಬೇಕಾದದ್ದೂ ಉಂಟು. ಶೌಚಾಲಯ ಗಲೀಜೆಂದೋ ಬಾಗಿಲ ಚಿಲಕ ಇಲ್ಲವೆಂದೋ ದಿನವಿಡೀ ತಡೆದುಕೊಳ್ಳುವ ಮಕ್ಕಳು ಬಹಳ. ಇದರಿಂದ ಮಲಬದ್ಧತೆ, ಅದರಿಂದ ಹೊಟ್ಟೆನೋವು. ಇದಕ್ಕೆ ಮನಶ್ಶಾಸ್ತ್ರಜ್ಞರು ಬೇಡ, ಒಂದು ಚಿಲಕ, ಒಂದು ಬಕೆಟ್ ನೀರು ಸಾಕು. ತರಗತಿಯಲ್ಲಿ ಮಗು ನೋವೆಂದಾಗ ಗದರಿಸುವುದೂ ಬೇಡ, ತಕ್ಷಣ ಮನೆಗೆ ಫೋನು ಮಾಡುವುದೂ ಬೇಡ. ಐದು ನಿಮಿಷ ಕೂತು ನೀರು ಕುಡಿದು ಮತ್ತೆ ಬೆಂಚಿಗೆ ಮರಳಲು ಬಿಟ್ಟರೆ ಅದೇ ಚಿಕಿತ್ಸೆ. ಗೇಲಿ, ಪೆಟ್ಟು, ಅಥವಾ ದೊಡ್ಡವರೊಬ್ಬರ ಕೆಟ್ಟ ನಡವಳಿಕೆಯಂಥ ಹೇಳಲಾಗದ ಸಂಗತಿಯನ್ನು ಹೊಟ್ಟೆ ಹೇಳುತ್ತಿರುವುದೂ ಉಂಟು. ಆದ್ದರಿಂದ ಮಗುವನ್ನು ಒಂಟಿಯಾಗಿ, ಸಮಾಧಾನವಾಗಿ ಒಮ್ಮೆ ಮಾತಾಡಿಸುವುದು ಎಲ್ಲಕ್ಕಿಂತ ಮೊದಲಿನ ಕೆಲಸ. ಅಂಥ ಸುಳಿವು ಸಿಕ್ಕರೆ ಮಕ್ಕಳ ಸಹಾಯವಾಣಿ 1098 ಇದೆ.

ನೆರವು ದೂರವಿಲ್ಲ

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಮಕ್ಕಳು ಮತ್ತು ಹದಿಹರೆಯದವರಿಗೇ ಮೀಸಲಾದ ವಿಭಾಗವಿದೆ. ಆದರೆ ಎಲ್ಲರೂ ಬೆಂಗಳೂರಿನ ಬಸ್ಸು ಹತ್ತಬೇಕಾಗಿಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿದ ಮಾದರಿಯಿಂದಲೇ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ 1996ರಲ್ಲಿ ಹುಟ್ಟಿತು. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರ ಬಗ್ಗೆ ವಿಚಾರಿಸಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸೇವೆಗೆ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಾಗಿಲ್ಲ.

ತಡೆಯಾಗಿ ನಿಂತಿರುವುದು ದೂರವೂ ಅಲ್ಲ, ದುಡ್ಡೂ ಅಲ್ಲ. 'ನಮ್ಮ ಮಗುವಿಗೇನು ಹುಚ್ಚೇ?' ಎಂಬ ಪ್ರಶ್ನೆ. ಕಾಲು ಮುರಿದು ವಾಸಿಯಾದ ಮೇಲೆ ನಡಿಗೆ ಕಲಿಸುವವರ ಬಳಿ ಹೋಗಲು ಯಾರೂ ನಾಚುವುದಿಲ್ಲ. ಕರುಳಿಗೂ ಮಿದುಳಿಗೂ ಸಮಾಧಾನದಿಂದ ಮಾತಾಡಲು ಕಲಿಸುವವರ ಬಳಿ ಹೋಗಲು ನಾಚಿಕೆ ಏಕೆ?

ಮತ್ತೊಂದು ಸೋಮವಾರ. ಅದೇ ಏಳೂವರೆ, ಅದೇ ಒಗ್ಗರಣೆಯ ಸದ್ದು. ಹುಡುಗಿಯ ಕೈ ಹೊಕ್ಕುಳ ಮೇಲಿದೆ. 'ಅಮ್ಮಾ, ಸ್ವಲ್ಪ ನೋಯ್ತಿದೆ.' ತಾಯಿಯ ಕರುಳು ಚುರುಕ್ ಎನ್ನುತ್ತದೆ. ಬಾಯಿಗೆ ಬಂದ ಹತ್ತು ಪ್ರಶ್ನೆಗಳನ್ನು ನುಂಗಿಕೊಂಡು ಆಕೆ ಹೇಳುವುದು ಒಂದೇ ಮಾತು: 'ಉಸಿರು ಎಳ್ಕೋ ಪುಟ್ಟಿ, ಡಬ್ಬಿ ಕಟ್ಟಿದ್ದೀನಿ.' ಹುಡುಗಿ ಐದು ಸಲ ನಿಧಾನವಾಗಿ ಉಸಿರಾಡಿ, ಚೀಲ ಹೆಗಲಿಗೇರಿಸುತ್ತಾಳೆ. ನೋವು ಇನ್ನೂ ಇದೆ, ಹತ್ತಕ್ಕೆ ನಾಲ್ಕು. ಅವಳು ಶಾಲೆಗೆ ಹೊರಟಿದ್ದಾಳೆ.